ಅಪ್‌ಡೇಟ್: ರೈನ್‌ಮೀಟರ್ ಗಡಿಯಾರದ ಮುಳ್ಳು ಕೊನೆಗೂ ದಾರಿಗೆ ಬಂತು

ಹೋದ ವಾರ ಕೇಳಿದ್ದೆನಲ್ಲ, ವಿಂಡೋಸ್ ಡೆಸ್ಕ್‌ಟಾಪಿಗೆ ರೈನ್‌ಮೀಟರ್‌ನಲ್ಲಿ (ಡೆಸ್ಕ್‌ಟಾಪ್ ಮೇಲೆ ಗಡಿಯಾರದಂಥವನ್ನು ಕೂರಿಸೋ ತಂತ್ರಾಂಶ) ಮಾಡಿದ ಗಡಿಯಾರದ ಸೆಕೆಂಡ್ ಮುಳ್ಳು ನಡುವೆ ನಿಲ್ಲದೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಎಲ್ಲೆಲ್ಲೋ ಸುತ್ತುತ್ತೆ ಅಂತ. ಸರಿಹೋಯ್ತು.

ತಪ್ಪು ನಂದೇ, ಅದೂ ಎರಡೆರಡು. ಮುಳ್ಳಿನ ಚಿತ್ರವನ್ನು ತಿರುಗಿಸೋ ರೊಟೇಟರ್ ಮೀಟರ್ ಅನ್ನೋ ಭಾಗಕ್ಕೆ, ಚಿತ್ರ ಯಾವ ಬಿಂದುವಿನ ಸುತ್ತ ತಿರುಗಬೇಕು ಅಂತ ನಾವೇ ಹೇಳಬೇಕು. ಹೇಳದಿದ್ದರೆ ಅದು ಮೇಲಿನ ಎಡ ಮೂಲೆಯನ್ನೇ ಹಿಡಿದು ತಿರುಗಿಸುತ್ತೆ. ನನ್ನ ಮುಳ್ಳಿನ ಪಿಎನ್‌ಜಿ 20 ಪಿಕ್ಸೆಲ್ ಅಗಲ, 180 ಎತ್ತರ. ಆ ಬಿಂದುವಿನ ಜಾಗ ಹೇಳೋ ಆಫ್‌ಸೆಟ್ ಎಕ್ಸ್ 10, ವೈ 150 ಅಂತ ಕೊಟ್ಟೆ. ಮುಳ್ಳು ತೆಪ್ಪಗೆ ನಡುವೆ ಬಂದು ಕೂತಿತು.

ಆದರೆ ಟೈಮ್ ಮಾತ್ರ ಕಾಲು ಸುತ್ತು ಹಿಂದೆ! 12ರಲ್ಲಿ ಇರಬೇಕಾದ ಮುಳ್ಳು 9ರಲ್ಲಿ. ಯಾರೋ ಮಾಡಿಟ್ಟ ರೈನ್‌ಮೀಟರ್ ವಿನ್ಯಾಸದಿಂದ (ಸ್ಕಿನ್) ಸ್ಟಾರ್ಟ್‌ಆಂಗಲ್, ಅಂದರೆ ಮುಳ್ಳು ಶುರುವಾಗೋ ಕೋನ, 4.7124 ಅಂತ ಕಣ್ಣುಮುಚ್ಚಿ ಎತ್ತಿಕೊಂಡಿದ್ದೆ. ಲೆಕ್ಕ ಡಿಗ್ರಿಯಲ್ಲಲ್ಲ, ರೇಡಿಯನ್‌ನಲ್ಲಿ. ಪೂರ್ತಿ ಸುತ್ತು 6.2832, ಅಂದರೆ 4.7124 ಮುಕ್ಕಾಲು ಸುತ್ತು. ಬಲಕ್ಕೆ ಮಲಗಿಸಿ ಬರೆದ ಮುಳ್ಳಿಗೆ ಅದು ಸರಿ. ನಾನು ಬರೆದದ್ದು ನೆಟ್ಟಗೆ ಮೇಲಕ್ಕೆ, ಹಾಗಾಗಿ ಸೊನ್ನೆ ಸಾಕಿತ್ತು. ಇದಕ್ಕೆ ಎರಡು ರಾತ್ರಿ ನಿದ್ದೆಗೆಟ್ಟೆ.

ಒಂದು ಪೂರ್ತಿ ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಹೇಳೋ ವ್ಯಾಲ್ಯೂರಿಮೇಂಡರ್ ಮೂರು ಮುಳ್ಳಿಗೂ ಬೇರೆ ಬೇರೆ: ಸೆಕೆಂಡಿಗೆ 60, ನಿಮಿಷಕ್ಕೆ 3600, ಗಂಟೆಗೆ 43200. ಮುಳ್ಳು ಎಷ್ಟು ಹೊತ್ತಿಗೊಮ್ಮೆ ಸರಿಯಬೇಕು ಅನ್ನೋ ಅಪ್‌ಡೇಟ್ ಸೆಟ್ಟಿಂಗನ್ನು 1000 ಮಿಲಿಸೆಕೆಂಡಿಗೇ ಬಿಟ್ಟಿದ್ದೀನಿ. ಟಿಕ್ ಟಿಕ್ ಅಂತ ಎಗರೋದೇ ನನಗಿಷ್ಟ, ಗೋಡೆ ಗಡಿಯಾರದ ಹಾಗೆ.

ಡಯಲ್‌ಗೆ ಕನ್ನಡ ಅಂಕಿ ಹಾಕಿದ್ದೀನಿ. ೬, ೯ ಎರಡನ್ನೂ ಅದಲುಬದಲು ಅಂಟಿಸಿದ್ದು ಮಗಳ ಕಣ್ಣಿಗೆ ಬಿತ್ತು, ಅದನ್ನೂ ತಿದ್ದಾಯ್ತು.