ಆರ್ಲ್ಯಾಂಡೊ ಡಿಸ್ನಿ ಗೇಟಿನಲ್ಲಿ ಬೆರಳು ಕೊಡಲೇಬೇಕಾ? ಮಗಳು ಮತ್ತು ಅಮ್ಮನ ವಿಷಯದಲ್ಲಿ ಅನುಮಾನ

ಮಲ್ಲೇಶ್ವರ_ಮನೆ

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಫ್ಲಾರಿಡಾದ ಆರ್ಲ್ಯಾಂಡೊಗೆ ಹೊರಟಿದ್ದೇವೆ. ವಾಲ್ಟ್ ಡಿಸ್ನಿ ವರ್ಲ್ಡ್‌ಗೆ 4 ದಿನದ ಟಿಕೆಟ್ ತೆಗೆದುಕೊಳ್ಳುವ ಯೋಚನೆ. ನಾವಿಬ್ಬರು, 6 ವರ್ಷದ ಮಗಳು, ಎರಡೂವರೆ ವರ್ಷದ ಮಗ, 68 ವರ್ಷದ ಅಮ್ಮ. ಟಿಕೆಟ್ ಜೊತೆಗೆ ಬೆರಳನ್ನೂ ಸ್ಕ್ಯಾನ್ ಮಾಡುತ್ತಾರೆ ಅಂತ ಗೊತ್ತಾದಾಗಿನಿಂದ ಸಮಾಧಾನವಿಲ್ಲ.

ಮಕ್ಕಳ ಬೆರಳಚ್ಚನ್ನು ಒಂದು ಮನರಂಜನಾ ಕಂಪನಿಗೆ ಕೊಡುವುದು ನಮಗೆ ಇಷ್ಟವಿಲ್ಲ. ಬೇಡ ಅಂದರೆ ಒಳಗೆ ಬಿಡುತ್ತಾರಾ? ಅಮ್ಮನದು ಬೇರೆ ತೊಂದರೆ. ಸಿಮ್ ತೆಗೆದುಕೊಳ್ಳುವಾಗ ಆಧಾರ್ ಮೆಷಿನ್ನಿನಲ್ಲೇ ಅವರ ಬೆರಳು ಬರುವುದಿಲ್ಲ, ಗೆರೆ ಸವೆದಿವೆ. ಅಲ್ಲಿ ಗೇಟಿನಲ್ಲಿ ಸಿಕ್ಕಿಹಾಕಿಕೊಂಡರೆ ಏನು ಮಾಡುವುದು? ಇನ್ನೊಂದು, ವೀಸಾಗೆ ಕೊಟ್ಟ ಹತ್ತು ಬೆರಳಿನ ಅಚ್ಚಿಗೂ ಇದಕ್ಕೂ ಏನಾದರೂ ನಂಟಿದೆಯಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಟ್ಯಾಂಪಾ_ಕನ್ನಡಿಗ

ಮೊದಲು ಮಗನ ವಿಷಯ ಮುಗಿಸಿಬಿಡೋಣ. 3 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ಟೇ ಬೇಕಿಲ್ಲ, ಹಾಗಾಗಿ ಬೆರಳಿನ ಮಾತೂ ಇಲ್ಲ. ಮಗಳಿಗೆ ಟಿಕೆಟ್ ಬೇಕು. 3ರಿಂದ 9 ವರ್ಷದ ಮಕ್ಕಳ ಬೆರಳು ಕೇಳುವುದು 2016ರಲ್ಲಿ ಶುರುವಾಯಿತು. ಆದರೆ ಕಡ್ಡಾಯವಲ್ಲ. ಹೆತ್ತವರಿಗೆ ಮನಸ್ಸಿಲ್ಲದಿದ್ದರೆ ಮಗುವಿನ ಟಿಕೆಟ್ಟಿಗೆ ತಮ್ಮ ಬೆರಳನ್ನೇ ಕೊಡಬಹುದು ಅಂತ ಆಗಲೇ ಡಿಸ್ನಿ ಹೇಳಿತ್ತು. ಹಾಗೆ ಮಾಡುವುದಾದರೆ ಒಂದು ಎಚ್ಚರ ಬೇಕು. ಮೊದಲ ದಿನ ಯಾರು ಬೆರಳಿಟ್ಟರೋ ಅವರೇ ನಾಲ್ಕೂ ದಿನ ಮಗಳ ಜೊತೆ ಗೇಟು ದಾಟಬೇಕು. ಒಂದು ದಿನ ಅಮ್ಮ, ಮಾರನೆಯ ದಿನ ಅಪ್ಪ ಅಂತ ಬದಲಾಯಿಸಿದರೆ ಹೊಂದುವುದಿಲ್ಲ.

ದೊಡ್ಡವರಿಗೂ ಬೇರೆ ದಾರಿ ಇದೆ. ಬೆರಳು ಕೊಡುವುದಿಲ್ಲ ಅಂದರೆ ಫೋಟೊ ಇರುವ ಗುರುತಿನ ಚೀಟಿ ತೋರಿಸಿ ಹೋಗಬಹುದು. ಟಿಕೆಟ್ಟಿನ ಮೇಲಿರುವ ಹೆಸರೂ ಚೀಟಿಯ ಹೆಸರೂ ಒಂದೇ ಇರಬೇಕು. ಇದನ್ನು ಸಾಲಿನ ತುದಿಗೆ ಬಂದು ಬೆರಳಿಟ್ಟ ಮೇಲೆ ಹೇಳಬೇಡಿ. ಕಾರ್ಡ್ ತಾಗಿಸುವ ಮೊದಲೇ ಪಕ್ಕದಲ್ಲಿ ಟ್ಯಾಬ್ಲೆಟ್ ಹಿಡಿದು ನಿಂತಿರುವ ಸಿಬ್ಬಂದಿಗೆ ಹೇಳಿ. ಒಮ್ಮೆ ಬೆರಳಿಟ್ಟರೆ ದಾಖಲಾಯಿತು ಅಂತಲೇ ಲೆಕ್ಕ.

ಗೇಟು ಹೇಗೆ ಕೆಲಸ ಮಾಡುತ್ತೆ ಅಂದರೆ, ಸೊಂಟದೆತ್ತರದ ಕಂಬದ ಮೇಲೆ ಮಿಕ್ಕಿ ಮುಖದ ಗುರುತಿರುವ ದುಂಡನೆಯ ಬಿಲ್ಲೆ ಇರುತ್ತೆ. ಅದಕ್ಕೆ ಟಿಕೆಟ್ ಕಾರ್ಡ್, ಮ್ಯಾಜಿಕ್‌ಬ್ಯಾಂಡ್ (ಟಿಕೆಟ್ ಜೋಡಿಸಿದ, ಮಣಿಕಟ್ಟಿಗೆ ಕಟ್ಟುವ ಡಿಸ್ನಿಯ ಪಟ್ಟಿ) ಅಥವಾ ಫೋನ್ ತಾಗಿಸಬೇಕು. ಆಮೇಲೆ ಪಕ್ಕದ ಪುಟ್ಟ ರೀಡರಿನ ಮೇಲೆ ತೋರುಬೆರಳು. ಹೊಂದಿದರೆ ಬಿಲ್ಲೆಯ ಸುತ್ತ ಹಸಿರು ಬೆಳಕು, ಹೊಂದದಿದ್ದರೆ ನೀಲಿ. ನೀಲಿ ಬಂದರೆ ಗಾಬರಿ ಬೇಡ, ಸಿಬ್ಬಂದಿ ಬಂದು ಇನ್ನೊಮ್ಮೆ ಇಡಿಸುತ್ತಾರೆ, ಆಗಲೂ ಆಗದಿದ್ದರೆ ಗುರುತಿನ ಚೀಟಿ ನೋಡಿ ಬಿಡುತ್ತಾರೆ.

ನೀಲಿ ಬರುವುದಕ್ಕೆ ಸಾಮಾನ್ಯ ಕಾರಣ ಬೆರಳಲ್ಲ, ಕಾರ್ಡ್ ಅದಲುಬದಲು. ಐದು ಜನರ ಕಾರ್ಡ್ ಒಬ್ಬರ ಕೈಚೀಲದಲ್ಲಿ ಇಟ್ಟುಕೊಂಡಿರುತ್ತಾರೆ, ಗೇಟಿನಲ್ಲಿ ಅವಸರಕ್ಕೆ ಹಂಚುವಾಗ ಗಂಡನ ಕಾರ್ಡ್ ಹೆಂಡತಿಗೆ ಹೋಗುತ್ತೆ. ಮೊದಲ ದಿನವೇ ಹೀಗಾದರೆ ಇನ್ನೂ ಕಷ್ಟ: ತಪ್ಪು ಬೆರಳು ದಾಖಲಾಗಿ ಎರಡನೆಯ ದಿನ ಇಬ್ಬರಿಗೂ ನೀಲಿ. ಕಾರ್ಡಿನ ಹಿಂದೆ ಮಾರ್ಕರಿನಲ್ಲಿ ಹೆಸರು ಬರೆಯಿರಿ, ಬ್ಯಾಂಡ್ ಆದರೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಡಿ.

ಗೆರೆ_ಲೆಕ್ಕ

ಮೇಲಿನವರು ಹೇಳಿದ್ದೆಲ್ಲ ಸರಿ. ಅಮ್ಮನ ಬೆರಳು ಮತ್ತು ಒಳಗೆ ಏನು ಉಳಿಯುತ್ತೆ ಅನ್ನುವುದರ ಬಗ್ಗೆ ನಾನು ಬರೆಯುತ್ತೇನೆ.

ಆಧಾರ್ ಮೆಷಿನ್ನಿನಲ್ಲಿ ಬೆರಳು ಬರದಿದ್ದರೆ ಎಲ್ಲ ಕಡೆಯೂ ಬರುವುದಿಲ್ಲ ಅಂತ ಅರ್ಥ ಅಲ್ಲ. ಆಧಾರ್ ಹಣ, ರೇಷನ್, ಸಿಮ್ ಮುಂತಾದ ಕೆಲಸಕ್ಕೆ ಬಳಕೆಯಾಗುವುದರಿಂದ ಅಲ್ಲಿ ಹೊಂದಾಣಿಕೆಯ ಮಟ್ಟ ಬಿಗಿ. ಜೊತೆಗೆ ವರ್ಷಗಳ ಹಿಂದೆ ತೆಗೆದ ಅಚ್ಚಿನ ಜೊತೆ ಇವತ್ತಿನ ಬೆರಳನ್ನು ಹೋಲಿಸಬೇಕು. ಪಾರ್ಕಿನಲ್ಲಿ ಹೋಲಿಸುವುದು ನಿನ್ನೆ ಇಟ್ಟ ಬೆರಳಿನ ಜೊತೆ, ಅದೂ ಆ ಒಂದು ಟಿಕೆಟ್ಟಿಗೆ ಅಂಟಿಸಿದ ಒಂದೇ ದಾಖಲೆಯ ಜೊತೆ. ಲಕ್ಷಾಂತರ ಜನರ ನಡುವೆ ಹುಡುಕುವ ಕೆಲಸ ಅಲ್ಲ. ಸಾಲು ನಿಲ್ಲಬಾರದು ಅನ್ನುವುದು ಪಾರ್ಕಿಗೆ ಮುಖ್ಯವಾದ್ದರಿಂದ ಮಟ್ಟವನ್ನು ಸಡಿಲವಾಗಿಯೇ ಇಡುವುದು ಇಂಥ ಕಡೆ ರೂಢಿ.

ಆದರೂ ಅಮ್ಮನಿಗೆ ಹೀಗೆ ಮಾಡಿಸಿ. ಒಣಗಿದ ಚರ್ಮದಲ್ಲಿ ಗೆರೆ ತುಂಡುತುಂಡಾಗಿ ಕಾಣುತ್ತೆ, ಆದ್ದರಿಂದ ಹೊರಡುವ ಅರ್ಧ ಗಂಟೆ ಮೊದಲು ಬೆರಳ ತುದಿಗೆ ಸ್ವಲ್ಪ ಕ್ರೀಮ್ ಅಥವಾ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಗೇಟಿಗೆ ಬರುವಾಗ ಕರ್ಚೀಫಿನಲ್ಲಿ ಒರೆಸಿ. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿಕೊಂಡ ಕೈಯಾದರೆ ಒರೆಸುವುದು ಇನ್ನೂ ಮುಖ್ಯ. ಗಾಜಿನ ಮೇಲೆ ಬೆರಳಿನ ತುದಿ ಊರಬಾರದು, ಉಗುರಿನ ಕೆಳಗಿನ ಮೆತ್ತನೆಯ ಭಾಗ ಪೂರ್ತಿ ಮಲಗಬೇಕು. ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತುವ ಹಾಗೆ ಜೋರಾಗಿ ಒತ್ತುತ್ತಾರೆ. ಜೋರಾಗಿ ಒತ್ತಿದಷ್ಟೂ ಗೆರೆಗಳ ನಡುವಿನ ಸಂದು ಮುಚ್ಚಿ ಎಲ್ಲ ಕಲಸಿಹೋಗುತ್ತೆ. ಹಗುರವಾಗಿ ಇಟ್ಟು ಒಂದೆರಡು ಸೆಕೆಂಡು ಅಲುಗಾಡದೆ ಇದ್ದರೆ ಸಾಕು. ನೀರಿನ ಆಟ ಆಡಿದ ಕೂಡಲೇ ಬೇರೆ ಪಾರ್ಕಿಗೆ ಹೋದರೆ ಸುಕ್ಕುಗಟ್ಟಿದ ಬೆರಳು ಹೊಂದದೇ ಇರಬಹುದು. ಹೊರಡುವ ವಾರ ಬೆರಳ ತುದಿಗೆ ಗೋರಂಟಿ ಬೇಡ. ತೋರುಬೆರಳು ತೀರಾ ಸವೆದಿದ್ದರೆ ಮೊದಲ ದಿನವೇ ನಡುಬೆರಳು ಇಡಲಿ, ಆದರೆ ಮುಂದೆಯೂ ಅದನ್ನೇ ಇಡಬೇಕು. ಯಾವ ಕೈ, ಯಾವ ಬೆರಳು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ದಾಖಲೆ. ಬೆರಳಿನ ಚಿತ್ರ ತೆಗೆದು, ಅದನ್ನು ಒಂದು ಸಂಖ್ಯೆಯಾಗಿ ಬದಲಾಯಿಸಿ, ಚಿತ್ರವನ್ನು ತಕ್ಷಣ ಅಳಿಸುತ್ತೇವೆ ಅನ್ನುವುದು ಡಿಸ್ನಿಯ ಹೇಳಿಕೆ. ಬೆರಳಚ್ಚಿನ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಈ ಸಂಖ್ಯೆ ಏನೆಂದರೆ, ಗೆರೆ ಎಲ್ಲಿ ಮುಗಿಯುತ್ತೆ, ಎಲ್ಲಿ ಕವಲೊಡೆಯುತ್ತೆ, ಯಾವ ಕೋನದಲ್ಲಿ ಅನ್ನುವ ಬಿಂದುಗಳ ಪಟ್ಟಿ. ಪ್ರಚಲಿತ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಮಾದರಿಯಲ್ಲಿ ಒಂದು ಬಿಂದುವಿಗೆ 6 ಬೈಟ್. ನಲವತ್ತು ಬಿಂದು ಸಿಕ್ಕರೂ ಒಟ್ಟು ಮುನ್ನೂರು ಬೈಟ್ ದಾಟುವುದಿಲ್ಲ. ಇಷ್ಟು ಚಿಕ್ಕ ದಾಖಲೆಯಿಂದ ಬೆರಳನ್ನು ಮತ್ತೆ ಕಟ್ಟಲಾಗದು ಅಂತ ಎಷ್ಟೋ ಕಡೆ ಬರೆಯುತ್ತಾರೆ. ಅದು ತಪ್ಪು. ಬಿಂದುಗಳ ಪಟ್ಟಿಯಿಂದಲೇ ಮೆಷಿನ್ ಒಪ್ಪುವಂಥ ಬೆರಳಚ್ಚಿನ ಚಿತ್ರ ಬರೆಯಬಹುದು ಅಂತ 2007ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಪಾಸ್‌ವರ್ಡಿನ ಹಾಗೆ ಹ್ಯಾಶ್ ಮಾಡಿಡಲೂ (ಅಂದರೆ ಹಿಂದಕ್ಕೆ ಬಿಡಿಸಲಾಗದ ಸಂಕೇತವಾಗಿ ಬದಲಾಯಿಸಿಡಲೂ) ಆಗದು, ಯಾಕೆಂದರೆ ಒಂದೇ ಬೆರಳು ಎರಡು ಸಲ ಇಟ್ಟರೆ ಎರಡೂ ಸ್ವಲ್ಪ ಬೇರೆಯಾಗಿಯೇ ಬರುತ್ತೆ, ಹ್ಯಾಶ್ ಪೂರ್ತಿ ಬದಲಾಗಿಬಿಡುತ್ತೆ.

ಹಾಗಾಗಿ ‘ಚಿತ್ರ ಇಡುವುದಿಲ್ಲ’ ಅನ್ನುವುದು ಅರ್ಧ ಸಮಾಧಾನ ಮಾತ್ರ. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಕಚೇರಿಯಿಂದಲೇ 56 ಲಕ್ಷ ಜನರ ಬೆರಳಚ್ಚು ಕಳುವಾಯಿತು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸುವುದು ಹೇಗೆ? 6 ವರ್ಷದ ಮಗುವಿಗೆ ಇನ್ನೂ ಎಪ್ಪತ್ತು ಎಂಬತ್ತು ವರ್ಷ ಅದೇ ಬೆರಳು. ಮಗಳ ಬೆರಳು ಕೊಡಬೇಡಿ ಅಂತಲೇ ನನ್ನ ಸಲಹೆ.

ವೀಸಾ ವಿಷಯ: ಅದು ಅಮೆರಿಕ ಸರ್ಕಾರದ ಹತ್ತು ಬೆರಳಿನ ಕಡತ, ಇದು ಕಂಪನಿಯೊಂದರ ಟಿಕೆಟ್ ದಾಖಲೆ. ಗೇಟಿನಲ್ಲಿ ಹೋಲಿಕೆ ನಡೆಯುವುದು ನಿಮ್ಮ ಟಿಕೆಟ್ಟಿನ ಜೊತೆ ಮಾತ್ರ.

ಕಾನೂನು_ಕಟ್ಟೆ

ಇದೆಲ್ಲ ಯಾಕೆ ಬೇಕು ಅಂತ ಕೇಳುವವರಿಗೆ ಒಂದು ಮಾತು. ಆರ್ಲ್ಯಾಂಡೊದಲ್ಲಿ ದಿನ ಹೆಚ್ಚಾದಷ್ಟೂ ದಿನದ ದರ ಇಳಿಯುತ್ತೆ. ಆದ್ದರಿಂದ ಹೆಚ್ಚು ದಿನದ ಟಿಕೆಟ್ ತೆಗೆದು, ಉಳಿದ ದಿನಗಳನ್ನು ಇನ್ನೊಬ್ಬರಿಗೆ ಮಾರುವ ದಂಧೆ ಬೆಳೆದಿತ್ತು. ಹೀಗೆ ಅರ್ಧ ಬಳಸಿದ ಟಿಕೆಟ್ ಮಾರುವುದು ಫ್ಲಾರಿಡಾದಲ್ಲಿ ಅಪರಾಧ. ಬೆರಳು ಅದಕ್ಕೆ ಹಾಕಿದ ಬೀಗ. ಹೆದ್ದಾರಿ ಪಕ್ಕದ ಗೂಡಂಗಡಿಯಲ್ಲಿ ‘ಎರಡು ದಿನ ಉಳಿದಿದೆ, ಅಗ್ಗಕ್ಕೆ ಕೊಡ್ತೀವಿ’ ಅಂದರೆ ಖಂಡಿತ ಕೊಳ್ಳಬೇಡಿ.

ಉದ್ದೇಶ ಇಷ್ಟೇ ಆಗಿದ್ದರೆ ಫೋಟೊ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದೇ ಕಂಪನಿಯ ಕ್ಯಾಲಿಫೋರ್ನಿಯಾ ಪಾರ್ಕಿನ ಗೇಟಿನಲ್ಲಿ ಬೆರಳು ಕೇಳದೆ ಫೋಟೊ ತೆಗೆದು ನಡೆಸುತ್ತಿದ್ದಾರೆ. ಆದರೆ ಫೋಟೊವನ್ನು ಸಿಬ್ಬಂದಿ ಕಣ್ಣಲ್ಲಿ ನೋಡುವುದು ಬೇರೆ, ಕಂಪ್ಯೂಟರ್ ಮುಖ ಅಳೆಯುವುದು ಬೇರೆ. 2021ರ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಆರ್ಲ್ಯಾಂಡೊ ಡಿಸ್ನಿಯ ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಂನಲ್ಲಿ ಮುಖ ಗುರುತಿನ ಪರೀಕ್ಷೆ ನಡೆದಿತ್ತು, ಇಷ್ಟವಿದ್ದವರಿಗೆ ಮಾತ್ರ. ಡಿಸ್ನಿಯ ಪ್ರತಿಸ್ಪರ್ಧಿ ಯೂನಿವರ್ಸಲ್‌ನವರು 2025ರ ಮೇ 22ರಂದು ಆರ್ಲ್ಯಾಂಡೊದಲ್ಲೇ ತೆರೆದ ಎಪಿಕ್ ಯೂನಿವರ್ಸ್ ಪಾರ್ಕಿನಲ್ಲಿ ಮುಖದ ಕಡೆಗೇ ಹೊರಳಿದ್ದಾರೆ. ಅಲ್ಲಿಗೂ ಹೋಗುವವರಿದ್ದರೆ ಅದೇ ಪ್ರಶ್ನೆ ಅಲ್ಲೂ ಕೇಳಿ.

ಕಾನೂನಿನ ಬಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲಿನಾಯ್‌ನಲ್ಲಿ 2008ರಿಂದ ಬಯೋಮೆಟ್ರಿಕ್ ಕಾಯ್ದೆ ಇದೆ. ಬೆರಳು ತೆಗೆಯುವ ಮೊದಲು ಬರಹದಲ್ಲಿ ತಿಳಿಸಿ ಬರಹದಲ್ಲೇ ಒಪ್ಪಿಗೆ ಪಡೆಯಬೇಕು, ಕೆಲಸ ಮುಗಿದ ಕೂಡಲೇ ಅಥವಾ ಕೊನೆಯ ವ್ಯವಹಾರದಿಂದ 3 ವರ್ಷದೊಳಗೆ, ಯಾವುದು ಮೊದಲೋ ಆಗ, ಅಳಿಸಬೇಕು. ತಪ್ಪಿದರೆ 1,000 ಡಾಲರ್, ಬೇಕೆಂದೇ ಮಾಡಿದ್ದರೆ 5,000 ಡಾಲರ್. ಷಿಕಾಗೊ ಹತ್ತಿರದ ಗರ್ನಿಯಲ್ಲಿರುವ ಸಿಕ್ಸ್ ಫ್ಲಾಗ್ಸ್ ಪಾರ್ಕ್, ಸೀಸನ್ ಪಾಸಿಗೆ 14 ವರ್ಷದ ಹುಡುಗನ ಹೆಬ್ಬೆರಳಚ್ಚು ತೆಗೆದುಕೊಂಡಿತ್ತು. ತಾಯಿ ಕೋರ್ಟಿಗೆ ಹೋದರು. ‘ನಿಮಗೆ ನಷ್ಟವೇನಾಯಿತು ತೋರಿಸಿ’ ಅಂತ ಕಂಪನಿ ವಾದಿಸಿತು. 2019ರ ಜನವರಿಯಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್, ಒಪ್ಪಿಗೆ ಪಡೆಯದೇ ಇದ್ದದ್ದೇ ಸಾಕು, ಬೇರೆ ನಷ್ಟ ತೋರಿಸಬೇಕಿಲ್ಲ ಅಂದಿತು. 2021ರಲ್ಲಿ 3.6 ಕೋಟಿ ಡಾಲರಿಗೆ ರಾಜಿಯಾಯಿತು. ಫ್ಲಾರಿಡಾದಲ್ಲಿ ಪಾರ್ಕಿಗೆ ಬಂದವರು ನೇರವಾಗಿ ಕೋರ್ಟಿಗೆ ಹೋಗುವಂಥ ಈ ಬಗೆಯ ಕಾಯ್ದೆ ಇಲ್ಲ. ಅಂದರೆ ಆರ್ಲ್ಯಾಂಡೊದಲ್ಲಿ ನಿಮ್ಮ ಕೈಯಲ್ಲಿರುವುದು ಕಾರ್ಡ್ ತಾಗಿಸುವ ಮೊದಲು ‘ಬೇಡ’ ಅನ್ನುವ ಒಂದು ಮಾತು. ನಮ್ಮಲ್ಲಿ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ) ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತೆ, ಆದರೆ ಅದನ್ನು ಹಿಡಿದು ಅಲ್ಲಿಯ ಗೇಟಿನಲ್ಲಿ ವಾದ ಮಾಡಲಾಗದು.

ಬೆರಳಿಗಿಂತ ಬ್ಯಾಂಡಿನ ಬಗ್ಗೆ ಹೆಚ್ಚು ಯೋಚಿಸಿ. ಬೆರಳು ಗೇಟಿನಲ್ಲಿ ಮಾತ್ರ ಕೇಳುತ್ತಾರೆ. 2013ರಲ್ಲಿ ಬಂದ ಮ್ಯಾಜಿಕ್‌ಬ್ಯಾಂಡಿನಲ್ಲಿ ತಾಗಿಸುವ ಚಿಪ್ ಜೊತೆಗೆ ದೂರದಿಂದ ಓದಬಹುದಾದ ರೇಡಿಯೊ ಕೂಡ ಇದೆ. ಮಕ್ಕಳ ಓಡಾಟದ ಮಾಹಿತಿ ಏನಾಗುತ್ತೆ ಅಂತ ಅದೇ ವರ್ಷದ ಜನವರಿಯಲ್ಲಿ ಸಂಸದ ಎಡ್ ಮಾರ್ಕಿ ಡಿಸ್ನಿಗೆ ಪತ್ರ ಬರೆದು ಕೇಳಿದ್ದರು. ಕಾರ್ಡಿನಲ್ಲಿ ತಾಗಿಸುವ ಚಿಪ್ ಮಾತ್ರ. ಮಗಳಿಗೆ ಕಾರ್ಡ್ ಕೊಡಿ.

ಮಲ್ಲೇಶ್ವರ_ಮನೆ

ತುಂಬಾ ಉಪಕಾರ ಆಯಿತು. ಮಗಳ ಟಿಕೆಟ್ಟಿಗೆ ನನ್ನ ಬೆರಳೇ ಕೊಡುತ್ತೇನೆ. ಅಮ್ಮನಿಗೆ ಗುರುತಿನ ಚೀಟಿಯೇ ಸುಲಭ ಅನ್ನಿಸುತ್ತಿದೆ. ಆದರೆ ಅವರ ಹೆಸರಿನ ಹಿಂದೆ ಎರಡು ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿದ್ದಾರೆ. ಆಧಾರ್ ತೋರಿಸಿದರೆ ನಡೆಯುತ್ತಾ?

ಟ್ಯಾಂಪಾ_ಕನ್ನಡಿಗ

ಆಧಾರ್ ಬೇಡ, ಅಲ್ಲಿಯ ಸಿಬ್ಬಂದಿಗೆ ಅದರ ಪರಿಚಯ ಇರುವುದಿಲ್ಲ. ಪಾಸ್‌ಪೋರ್ಟ್ ಮೂಲಪ್ರತಿಯೇ ಇರಲಿ. ಹೆಸರಿನ ಗೊಂದಲ ನಮ್ಮವರಿಗೆ ಆಗಾಗ ಆಗುತ್ತೆ, ಟಿಕೆಟ್ ಕೊಳ್ಳುವಾಗಲೇ ಸರಿಮಾಡಿಕೊಳ್ಳಬೇಕು. ಉದಾಹರಣೆಗೆ ಮನೆಯಲ್ಲಿ ‘ಕೆ. ಎನ್. ಸರೋಜಮ್ಮ’ ಅಂದುಕೊಳ್ಳಿ, ಪಾಸ್‌ಪೋರ್ಟಿನಲ್ಲಿ ‘ಸರೋಜಮ್ಮ’ ಮೊದಲ ಹೆಸರಿನ ಜಾಗದಲ್ಲಿ, ‘ಕೊಳ್ಳೇಗಾಲ ನಂಜಪ್ಪ’ ಕುಲನಾಮದ ಜಾಗದಲ್ಲಿ ಇರುತ್ತೆ. ಡಿಸ್ನಿ ಆ್ಯಪಿನಲ್ಲಿ ಅಮ್ಮನನ್ನು ಸೇರಿಸುವಾಗ ಅದೇ ಎರಡು ಖಾನೆಗೆ, ಪಾಸ್‌ಪೋರ್ಟಿನ ಅಕ್ಷರ ಅಕ್ಷರ ನೋಡಿ, ಹಾಗೇ ತುಂಬಿ. ‘ಅಮ್ಮ’, ‘ಗ್ರಾಂಡ್‌ಮಾ’ ಅಂತ ಹಾಕಿದ್ದರೆ ಟಿಕೆಟ್ ಜೋಡಿಸುವ ಮೊದಲೇ ತಿದ್ದಿ. ಕುಲನಾಮದ ಖಾನೆ ಖಾಲಿ ಇರುವ ಪಾಸ್‌ಪೋರ್ಟ್ ಆದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಇಂಗ್ಲಿಷ್ ಕಿರುರೂಪ) ಅಂತ ಬಂದಿರುತ್ತೆ. ಆಗ ಊಹಿಸಿ ತುಂಬಬೇಡಿ, ಟಿಕೆಟ್ ವಿಭಾಗಕ್ಕೆ ಫೋನ್ ಮಾಡಿ ಅವರು ಹೇಳಿದಂತೆ ಹಾಕಿಸಿ.

4 ದಿನದ ಟಿಕೆಟ್ಟನ್ನು ಮೊದಲ ದಿನದಿಂದ 7 ದಿನದೊಳಗೆ ಬಳಸಬೇಕು, ಪಾರ್ಕಿಗೆ ಹೋಗುವ ಪ್ರತಿದಿನವೂ ಗೇಟಿನಲ್ಲಿ ಅಮ್ಮನ ಪಾಸ್‌ಪೋರ್ಟ್ ಬೇಕಾಗುತ್ತೆ. ನೀರಿನ ಆಟಕ್ಕೆ ಮೊದಲು ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ.