ಪ್ರಾಕ್ಟೀಸ್ ಚಾಂಟರ್ ಸಲೀಸು, ಬ್ಯಾಗ್‌ಪೈಪ್ ಹಿಡಿದರೆ ಉಸಿರು ಸಾಲದು

ಪ್ರಶ್ನೆ:
ಪ್ರಾಕ್ಟೀಸ್ ಚಾಂಟರ್‌ನಲ್ಲಿ (ಚೀಲವಿಲ್ಲದ, ಅಭ್ಯಾಸದ ಕೊಳವೆ) ಒಂಬತ್ತೂ ಸ್ವರ, ಐದಾರು ಸರಳ ಧಾಟಿ ಸಲೀಸಾಗಿ ಬರುತ್ತವೆ. ಹೈಲ್ಯಾಂಡ್ ಬ್ಯಾಗ್‌ಪೈಪ್ (ಚೀಲದ ಗಾಳಿಯಿಂದ ನುಡಿಯುವ ಸ್ಕಾಟಿಷ್ ವಾದ್ಯ) ಎತ್ತಿಕೊಂಡರೆ ಒಂದೇ ನಿಮಿಷಕ್ಕೆ ಸುಸ್ತು. ಊದಿದಾಗಲೆಲ್ಲ ಸ್ವರ ಏರಿಳಿಯುತ್ತದೆ. ದಮ್ಮು ಸಾಲದೋ, ವಾದ್ಯದ್ದೇ ದೋಷವೋ?

ಉತ್ತರ 1:
ಮೊದಲು ಸೋರಿಕೆ ನೋಡಿ. ಚಾಂಟರ್ (ಬೆರಳಾಡಿಸುವ ಕೊಳವೆ), ಮೂರು ಡ್ರೋನ್ (ಒಂದೇ ಸ್ವರ ಹಿಡಿದು ನುಡಿಯುವ ಕೊಳವೆ) ಕಳಚಿ ಅವು ಕೂರುವ ನಾಲ್ಕೂ ಸ್ಟಾಕ್‌ಗೆ (ಚೀಲಕ್ಕೆ ಕಟ್ಟಿದ ಮರದ ಗೂಡು) ರಬ್ಬರ್ ಬಿರಡೆ ಹಾಕಿ. ಚೀಲ ಗಟ್ಟಿಯಾಗುವಷ್ಟು ಊದಿ, ಬಾಯಿ ತೆಗೆದು, ತೋಳಿನಿಂದ ಒತ್ತಿ ಹಿಡಿಯಿರಿ. ಮೆತ್ತಗಾಯಿತೆ? ಊದುಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ ಮತ್ತೆ ಒತ್ತಿ. ಈಗ ಚೀಲ ಗಟ್ಟಿಯಾಗಿಯೇ ನಿಂತರೆ ಊದಿದ ಗಾಳಿ ವಾಪಸಾಗದಂತೆ ತಡೆಯುವ ವಾಲ್ವ್ ಕೆಟ್ಟಿದೆ. ಆಗಲೂ ಇಳಿದರೆ ಚೀಲದ ಹೊಲಿಗೆ ಅಥವಾ ಸ್ಟಾಕ್ ಕಟ್ಟಿದ ಜಾಗ ಸೋರುತ್ತಿದೆ.

ಬಿರಡೆ ಹಾಕಿದಾಗ ಕೊಳವೆಗಳು ಸೇರುವ ಕೀಲುಗಳ ಪರೀಕ್ಷೆ ಆಗುವುದಿಲ್ಲ, ಅದನ್ನು ಬೇರೆಯಾಗಿ ನೋಡಿ. ಮೇಣದ ದಾರ ಸುತ್ತಿದ ಕೀಲು ಬಲ ಹಾಕಿದರಷ್ಟೇ ತಿರುಗಬೇಕು. ಅತಿಯಾಗಿ ಬಿಗಿದರೆ ತೇವಕ್ಕೆ ಉಬ್ಬಿ ಮರ ಸೀಳುತ್ತದೆ.

ಉತ್ತರ 2:
ಸೋರಿಕೆ ಇಲ್ಲದಿದ್ದರೆ ರೀಡ್ (ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಭಾಗ) ಮೇಲೆ ನನ್ನ ಅನುಮಾನ. ಕಲಿಯುವವರಿಗೆ ಗಟ್ಟಿ ಚಾಂಟರ್ ರೀಡ್ ಕೊಡುವುದು ಶುದ್ಧ ತಪ್ಪು. ಮೃದುವಾದದ್ದನ್ನೇ ಕೇಳಿ ತೆಗೆದುಕೊಳ್ಳಿ. ಡ್ರೋನ್ ರೀಡ್ ಹೆಚ್ಚು ಗಾಳಿ ನುಂಗುತ್ತಿದ್ದರೆ ಅದರ ಕಟ್ಟನ್ನು (ರೀಡ್‌ಗೆ ಸುತ್ತಿದ ಬಳೆ) ರೀಡ್‌ನ ಕಂಪಿಸುವ ನಾಲಿಗೆಯ ಬಿಡಿ ತುದಿಯ ಕಡೆಗೆ ಕೂದಲೆಳೆಯಷ್ಟು ಸರಿಸಿ. ಚಾಂಟರ್‌ಗೆ ಬೇಕಾದ ಒತ್ತಡಕ್ಕಿಂತ ತುಸು ಮೇಲೆ ಹೋದಾಗ ಡ್ರೋನ್‌ನ ನಾದ ನಿಲ್ಲಬೇಕು. ಅದಕ್ಕೂ ಮೊದಲೇ ನಿಂತರೆ ಅತಿಯಾಗಿ ಸರಿಸಿದ್ದೀರಿ.

ಉತ್ತರ 3:
ಸ್ವರ ಏರಿಳಿಯುವುದು ತೋಳಿನ ತಪ್ಪು. ಊದುವಾಗ ತೋಳು ಸಡಿಲವಾಗಬೇಕು, ಉಸಿರು ಎಳೆದುಕೊಳ್ಳುವಾಗ ಒತ್ತಬೇಕು. ಹೊಸಬರು ಊದುತ್ತಲೇ ಒತ್ತುತ್ತಾರೆ, ಆಗ ಒತ್ತಡ ಜಿಗಿಯುತ್ತದೆ. ಮೂರೂ ಡ್ರೋನ್ ಮುಚ್ಚಿ, ಚಾಂಟರ್‌ನಲ್ಲಿ ಒಂದೇ ಸ್ವರವನ್ನು ಟ್ಯೂನರ್ (ಶ್ರುತಿ ತೋರಿಸುವ ಸಾಧನ) ಮುಳ್ಳು ಅಲುಗದಂತೆ ಹಿಡಿಯಿರಿ. ಅದು ಕೈವಶವಾದ ಮೇಲೆ ಒಂದು ಟೆನರ್ (ಎರಡು ಚಿಕ್ಕ ಡ್ರೋನ್‌ಗಳಲ್ಲಿ ಒಂದು), ಆಮೇಲೆ ಇನ್ನೊಂದು, ಕೊನೆಗೆ ಬಾಸ್ (ಉದ್ದನೆಯ ಡ್ರೋನ್) ತೆರೆಯಿರಿ. ಧಾಟಿ ನುಡಿಸುವುದು ಅದಾದ ಮೇಲೆ.

ಇನ್ನೊಂದು ಮಾತು: ಪೈಪ್ ಚಾಂಟರ್‌ನ ರಂಧ್ರಗಳು ದೊಡ್ಡವು, ಅಂತರವೂ ಹೆಚ್ಚು. ಬೆರಳ ತುದಿಯಿಂದ ಮುಚ್ಚಲು ಹೋದರೆ ಸಂದಿ ಉಳಿದು ಕೀಚಲು ಹೊರಡುತ್ತದೆ. ಬೆರಳು ನೇರವಾಗಿಡಿ. ಕೆಳಗಿನ ಕೈಯಲ್ಲಿ ಕಿರುಬೆರಳು ಬಿಟ್ಟು ಉಳಿದವು ನಡುಗೆಣ್ಣಿನ ಮಾಂಸಲ ಭಾಗದಿಂದ ಮುಚ್ಚಲಿ.

ಪ್ರಶ್ನೆ ಕೇಳಿದವರು:
ಟ್ಯೂನರ್ ಅಭ್ಯಾಸ ದಿನಕ್ಕೆ ಎಷ್ಟು ಹೊತ್ತು?

ಉತ್ತರ 3:
ಗಡಿಯಾರ ನೋಡಬೇಡಿ, ತುಟಿ ನೋಡಿ. ಊದುಕೊಳವೆಯ ಸುತ್ತ ತುಟಿಯಿಂದ ಗಾಳಿ ಜಾರತೊಡಗಿತೋ, ಅಲ್ಲಿಗೆ ಸಾಕು. ಮೊದಮೊದಲು ಹತ್ತು ನಿಮಿಷವೂ ದಾಟದು, ಪರವಾಗಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿಯಿರಿ. ಗ್ರೇಸ್‌ನೋಟ್, ಡಬ್ಲಿಂಗ್ (ಸ್ವರಗಳ ನಡುವೆ ಬೆರಳು ಮಿಂಚಿಸುವ ಅಲಂಕಾರಗಳು) ಅಭ್ಯಾಸ ಮಾತ್ರ ಪ್ರಾಕ್ಟೀಸ್ ಚಾಂಟರ್‌ನಲ್ಲೇ ನಡೆಯಲಿ.