ಪಿಸಿಓಎಸ್‌ಗೆ ಜ್ಯೇಷ್ಠಮಧು ಕಷಾಯ: ಕುಡಿದವರು ಯಾರಾದ್ರೂ ಇದ್ದೀರಾ?

ಮಲ್ಲೇಶ್ವರದ ಸೊಸೆ: ನನಗೆ 29 ವರ್ಷ. ಪಿಸಿಓಎಸ್ ಇದೆ, ಅದೇ ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ. ಗಲ್ಲದ ಮೇಲೆ ಕೂದಲು, ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನ್) ಸ್ವಲ್ಪ ಜಾಸ್ತಿ. ದಿನಾ ಬೆಳಗ್ಗೆ ಜ್ಯೇಷ್ಠಮಧು ಕಷಾಯ ಕುಡಿದರೆ ಅದು ಇಳಿಯುತ್ತದೆ ಅಂತ ಅತ್ತೆ ಕಡೆಯವರೊಬ್ಬರು ಹೇಳಿದರು. ಬಿಪಿ ಇಲ್ಲ. ಮುಂದಿನ ವರ್ಷ ಮಗುವಿನ ಯೋಚನೆ ಇದೆ. ತಗೊಂಡವರು ಅನುಭವ ಹೇಳಿ, ಪ್ಲೀಸ್.

ಹನುಮಂತನಗರದ ರಿಟೈರ್ಡ್: ಬೇಡಮ್ಮ. ನಾನು ತಗೊಂಡಿದ್ದು ಗ್ಯಾಸ್ಟ್ರಿಕ್‌ಗೆ. ಹೊಟ್ಟೆ ಉರಿ ನಿಂತಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಕಾಲು ಊದಿತು. ಬಿಪಿ 180/110. ಒಂದು ಬೆಳಗ್ಗೆ ಬಚ್ಚಲಲ್ಲಿ ಕೂತವನಿಗೆ ಏಳಲು ಆಗಲಿಲ್ಲ, ತೊಡೆಯಲ್ಲಿ ಶಕ್ತಿಯೇ ಇಲ್ಲ. ಪೊಟ್ಯಾಸಿಯಂ 3.5ರ ಮೇಲೆ ಇರಬೇಕು, ನನಗೆ 2.6. ಇಸಿಜಿ ನೋಡಿ ಸೀದಾ ಐಸಿಯುಗೆ ಹಾಕಿದರು. ಆ ಪೊಟ್ಯಾಸಿಯಂ ಡ್ರಿಪ್ ಇದೆಯಲ್ಲ, ಮೊಣಕೈವರೆಗೂ ಉರಿ. ಆಮೇಲೆ ಸಿರಪ್ಪು, ಬಾಯಿಗೆ ಇಡಲು ಆಗದು.

ಮೊದಲು ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಅಂದುಕೊಂಡರು. ದೇಹದ ಉಪ್ಪು, ಬಿಪಿ ನೋಡಿಕೊಳ್ಳುವ ರೆನಿನ್, ಆಲ್ಡೋಸ್ಟಿರಾನ್ ಟೆಸ್ಟಿಗೇ 4,200 ರೂಪಾಯಿ. ಗಡ್ಡೆ ಇದ್ದರೆ ಆಲ್ಡೋಸ್ಟಿರಾನ್ ಏರಬೇಕಂತೆ. ನನಗೆ ಎರಡೂ ತಳ ಕಂಡಿದ್ದವು. ಆಗ ಡಾಕ್ಟರು "ಏನು ಕುಡಿಯುತ್ತೀರಿ ಹೇಳಿ" ಅಂದರು. ಬಿಲ್ಲು 68,400. ಇನ್ಶೂರೆನ್ಸ್‌ನವರು ಕೊಟ್ಟಿದ್ದು 41,200. ಗ್ಲೌಸು, ಸಿರಿಂಜು, ಹತ್ತಿ ಅಂತಲೇ 6,870 ಕಡಿತ!

ರಾಜಾಜಿನಗರ ಆರನೇ ಬ್ಲಾಕ್: ಎಲ್ಲರನ್ನೂ ಹೆದರಿಸಬೇಡಿ ಸರ್. ನನಗೂ ಪಿಸಿಓಎಸ್, ನಾನು ತಗೊಂಡೆ, ಚೆನ್ನಾಗಿದ್ದೇನೆ. ಆದರೆ ಕಷಾಯ ಒಂದನ್ನೇ ನಂಬಿ ಕೂರಲಿಲ್ಲ. ನನ್ನ ಎಂಡೋಕ್ರೈನಾಲಜಿಸ್ಟ್ ಗಂಡು ಹಾರ್ಮೋನ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಟ್ಟಿದ್ದರು. ಅದರಿಂದ ತಲೆ ಸುತ್ತು, ಸುಸ್ತು. ಆ ಮಾತ್ರೆ ದೇಹದ ಉಪ್ಪು ನೀರು ಹೊರಗೆ ಹಾಕುತ್ತದೆ, ಜ್ಯೇಷ್ಠಮಧು ಹಿಡಿದಿಡುತ್ತದೆ. ಇಟಲಿಯಲ್ಲಿ ಹೀಗೆ ಎರಡನ್ನೂ ಜೊತೆಗೆ ಕೊಟ್ಟು ನೋಡಿದ್ದಾರೆ ಅಂತ ಅವರೇ ಹೇಳಿ ಅಳತೆ ಬರೆದುಕೊಟ್ಟರು. ಪೊಟ್ಯಾಸಿಯಂ ಟೆಸ್ಟ್ ತಪ್ಪಿಸಿಲ್ಲ. ಲೇಸರ್‌ಗೆ 32,000 ಸುರಿದಿದ್ದೇ ದಂಡ. ಕೂದಲು ಮತ್ತೆ ಬಂತು, ಪ್ಯಾಕೇಜ್ ಮುಗಿಯಿತು ಅಂದರು. ಅದಕ್ಕಿಂತ ಇದು ಸಾವಿರ ಪಾಲು ಮೇಲು.

ಸಂಗೀತದ ಮೇಷ್ಟ್ರು, ಬಸವನಗುಡಿ: ಕಚೇರಿಗೆ ಮುಂಚೆ ಒಂದು ಚೂರು ಬೇರು ಬಾಯಲ್ಲಿ ಇಟ್ಟುಕೊಳ್ಳುವುದು ನಮ್ಮ ತಂದೆ ಕಾಲದಿಂದ ಬಂದಿದ್ದು. ಯಾರಿಗೂ ಏನೂ ಆಗಿಲ್ಲ. ಲೋಟಗಟ್ಟಲೆ ಕುಡಿದು ಬೇರನ್ನು ಬೈದರೆ ಹೇಗೆ ಸ್ವಾಮಿ?

ಹನುಮಂತನಗರದ ರಿಟೈರ್ಡ್: ಲೋಟಗಟ್ಟಲೆ ಅಂತ ನಾನೆಲ್ಲಿ ಬರೆದೆ? ಒಂದು ಲೋಟ. ನೀವು ಐಸಿಯುನಲ್ಲಿ ಒಂದು ರಾತ್ರಿ ಮಲಗಿ ಬನ್ನಿ, ಆಮೇಲೆ ಶ್ರುತಿ ಹಿಡಿಯಿರಿ.

ಲ್ಯಾಬ್ ಕೋಟು: ಇಬ್ಬರೂ ಅರ್ಧರ್ಧ ಸರಿ. ಬೇರಿನ ಸಿಹಿ ಇರುವುದು ಗ್ಲಿಸಿರೈಜಿನ್‌ನಿಂದ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಗ್ಲಿಸಿರೆಟಿನಿಕ್ ಆಮ್ಲ ಮಾಡುತ್ತವೆ. ಅದು ಕಿಡ್ನಿಯಲ್ಲಿ 11ಬೀಟಾ-ಎಚ್‌ಎಸ್‌ಡಿ2 ಅನ್ನುವ ಕಿಣ್ವವನ್ನು ತಡೆಯುತ್ತದೆ. ಈ ಕಿಣ್ವ ಒಂಥರಾ ಅಪಾರ್ಟ್‌ಮೆಂಟ್ ವಾಚ್‌ಮನ್. ರಕ್ತದಲ್ಲಿ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಆಲ್ಡೋಸ್ಟಿರಾನ್‌ಗಿಂತ ನೂರಾರು ಪಟ್ಟು ಜಾಸ್ತಿ. ಆಲ್ಡೋಸ್ಟಿರಾನ್‌ನ ಬಾಗಿಲಿಗೆ ಬಂದ ಕಾರ್ಟಿಸಾಲನ್ನೆಲ್ಲ ಕಾರ್ಟಿಸೋನ್ ಮಾಡಿ ವಾಪಸ್ ಕಳಿಸುವುದು ಇವನ ಕೆಲಸ. ಇವನು ಮಲಗಿದರೆ ಕಾರ್ಟಿಸಾಲ್ ಒಳಗೆ ನುಗ್ಗುತ್ತದೆ. ಉಪ್ಪು ಉಳಿಯುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಸರ್‌ಗೆ ಆದದ್ದು ಇದೇ. ನಿಲ್ಲಿಸಿದ ಮೇಲೂ ಸರಿಹೋಗಲು ವಾರಗಳೇ ಬೇಕು.

ಟೆಸ್ಟೋಸ್ಟಿರಾನ್ ವಿಷಯ ಬೇರೆ. 1999ರಲ್ಲಿ ಇಟಲಿಯವರು 7 ಗಂಡಸರಿಗೆ ದಿನಕ್ಕೆ 7 ಗ್ರಾಂ ಕೊಟ್ಟು ಇಳಿಯಿತು ಅಂದರು. ಆಮೇಲೆ ಬೇರೆಯವರು ಮಾಡಿದಾಗ ಅಷ್ಟು ಇಳಿಯಲಿಲ್ಲ. 2004ರಲ್ಲಿ 9 ಆರೋಗ್ಯವಂತ ಹೆಂಗಸರಿಗೆ 3.5 ಗ್ರಾಂ ಕೊಟ್ಟರು. ಇಳಿಯಿತು, ನಿಲ್ಲಿಸಿದಾಗ ಮತ್ತೆ ಏರಿತು. 9 ಜನ, ಅಷ್ಟೇ. ಅದನ್ನು ಹಿಡಿದು ಯೂಟ್ಯೂಬಿನವರು ಕುಣಿಯುತ್ತಾರೆ.

ಮಗು ಬೇಕು ಅಂದಿದ್ದನ್ನು ಯಾರೂ ಓದಲೇ ಇಲ್ವಾ? ಇದೇ ಕಿಣ್ವ ಮಾಸುವಿನಲ್ಲೂ ಇದೆ, ತಾಯಿಯ ಕಾರ್ಟಿಸಾಲ್ ಮಗುವಿಗೆ ಹೆಚ್ಚು ಹೋಗದಂತೆ ತಡೆಯುತ್ತದೆ. ಫಿನ್ಲೆಂಡ್‌ನಲ್ಲಿ ಬಸುರಿಯರಿಗೆ ಇದನ್ನು ಹೆಚ್ಚು ತಿನ್ನಬೇಡಿ ಅಂತಲೇ ಹೇಳುತ್ತಾರೆ. ಮೇಡಂ, ನಿಮ್ಮ ಡಾಕ್ಟರಿಗೆ ಇದನ್ನು ಮೊದಲು ಹೇಳಿ.

ಬಿಎಎಂಎಸ್, ವಿಜಯನಗರ: ಕಾಯಿಲೆಗೊಂದು ಬೇರು ಅಂತ ಅತ್ತೆ ಮನೆಯವರು ಹೇಳಿದ್ದನ್ನು ಆಯುರ್ವೇದದ ತಲೆಗೆ ಕಟ್ಟಬೇಡಿ. ನಾವು ಕೊಡುವುದು 2ರಿಂದ 4 ಗ್ರಾಂ ಪುಡಿ, ಅದೂ ರೋಗಿಯನ್ನು ನೋಡಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಕೊಡುವುದಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಕಣ್ಣಳತೆಯಲ್ಲಿ ಕಟ್ಟಿಸಿಕೊಂಡು ಬಂದು ಆಮೇಲೆ ನಮ್ಮನ್ನು ಬೈಯುತ್ತಾರೆ.

ಲ್ಯಾಬ್ ಕೋಟು: ಯೂರೋಪಿನವರು ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬೇಡಿ ಅನ್ನುತ್ತಾರೆ. ಬೇರಿನಲ್ಲಿ 4% ಇದ್ದರೆ ನಿಮ್ಮ 4 ಗ್ರಾಂನಲ್ಲೇ 160. ಇದಕ್ಕೇನಂತೀರಿ ಡಾಕ್ಟ್ರೇ?

ಬಿಎಎಂಎಸ್, ವಿಜಯನಗರ: ಅದು ಮಿಠಾಯಿ ಥರ ವರ್ಷಗಟ್ಟಲೆ ತಿನ್ನುವವರಿಗೆ ಹಾಕಿದ ಲೆಕ್ಕ. ನಾವು ಕೆಲವು ವಾರ ಕೊಟ್ಟು ನಿಲ್ಲಿಸುತ್ತೇವೆ. ಪುಸ್ತಕ ಓದಿ ಚಿಕಿತ್ಸೆ ಆಗಲ್ಲ.

ಲ್ಯಾಬ್ ಕೋಟು: ಪುಸ್ತಕ ಓದದೇನೂ ಆಗಲ್ಲ.

ಚಾಮರಾಜಪೇಟೆ ಮೆಡಿಕಲ್ಸ್: ಹೊಟ್ಟೆ ಉರಿಗೆ ಮಾತ್ರ ಬೇಕಿದ್ದರೆ ಡಿಜಿಎಲ್ ಮಾತ್ರೆ ಸಿಗುತ್ತದೆ, ಗ್ಲಿಸಿರೈಜಿನ್ ಬಹುಪಾಲು ತೆಗೆದಿರುತ್ತಾರೆ. ಮತ್ತೆ, ಉಬ್ಬಸಕ್ಕೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ನುಂಗುವವರು ಬೇರು ಮುಟ್ಟಬೇಡಿ, ಮಾತ್ರೆಯ ಪ್ರಭಾವ ಏರುತ್ತದೆ. ಮೂತ್ರ ಹೋಗಿಸುವ ಬಿಪಿ ಮಾತ್ರೆ, ಹೃದಯದ ಮಾತ್ರೆ ಡಿಗಾಕ್ಸಿನ್ ತಗೊಳ್ಳುವವರಿಗೂ ಇದೇ ಮಾತು. ರಿಟೈರ್ಡ್ ಸರ್, ನೀವು ಯಾವ ಬಿಪಿ ಮಾತ್ರೆಯಲ್ಲಿದ್ದಿರಿ?

ಹನುಮಂತನಗರದ ರಿಟೈರ್ಡ್: ಮೂತ್ರದ್ದೇ. ಡಾಕ್ಟರು ನನಗೆ ಹೇಳಬೇಕಿತ್ತು.

ರಾಜಾಜಿನಗರ ಆರನೇ ಬ್ಲಾಕ್: ನೋಡಿ, ಈಗ ಬಂತು! ಈ ಒಂದು ಮಾತು ಮೊದಲೇ ಬರೆಯಬಾರದಿತ್ತಾ?

ಹನುಮಂತನಗರದ ರಿಟೈರ್ಡ್: ಬರೆದರೆ ಏನಾಗುತ್ತಿತ್ತು? ಬಿಲ್ಲು ಇಳಿಯುತ್ತಿತ್ತಾ?

ಬನಶಂಕರಿ ಥರ್ಡ್ ಸ್ಟೇಜ್: ಸರ್, ಇನ್ಶೂರೆನ್ಸ್‌ನವರಿಗೆ ಕಷಾಯದ ವಿಷಯ ಯಾಕೆ ಹೇಳಿದ್ರಿ? ನಮ್ಮ ಮಾವ ಸುಮ್ನೆ ಪೊಟ್ಯಾಸಿಯಂ ಕಮ್ಮಿ ಅಂತ ಬರೆಸಿದರು, ಪೂರ್ತಿ ಬಂತು.

ಹನುಮಂತನಗರದ ರಿಟೈರ್ಡ್: ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರೇ ಬರೆದರು. ನಾನು ಅಳಿಸಲಾ?

ಬಿಎಎಂಎಸ್, ವಿಜಯನಗರ: ಸುಳ್ಳು ಬರೆಸಿ ಕ್ಲೇಮ್ ಮಾಡುವುದನ್ನು ಇಲ್ಲಿ ಹೇಳಿಕೊಡಬೇಡಿ. ಅದು ವಂಚನೆ.

ಬನಶಂಕರಿ ಥರ್ಡ್ ಸ್ಟೇಜ್: ಗ್ಲೌಸಿಗೂ ಹತ್ತಿಗೂ 6,870 ಕತ್ತರಿಸುವುದು ಏನು ಹಾಗಾದ್ರೆ? ರಿಟೈರ್ಡ್ ಸರ್, ಬಿಲ್ಲಿನ ಪ್ರತಿ ಕೊಟ್ಟು ಇನ್ಶೂರೆನ್ಸ್ ದೂರು ಕೇಳುವ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅರ್ಜಿ ಹೇಗೆ ಅಂತ ನಾನು ಹೇಳ್ತೀನಿ, ಆಯುರ್ವೇದದವರ ಅಪ್ಪಣೆ ಬೇಕಿಲ್ಲ.